ಗರ್ಭ ಹೋದ ಮೇಲೆ ಯಾರ ಹತ್ತಿರ ಮಾತಾಡುವುದು? ಆಪ್ತ ಸಮಾಲೋಚನೆಯ ದಾರಿಗಳ ಹೋಲಿಕೆ

ಗರ್ಭಪಾತವಾದ ಹೆಣ್ಣುಮಗಳಿಗೆ ಆಸ್ಪತ್ರೆಯಿಂದ ಹೊರಡುವಾಗ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಆ್ಯಂಟಿಬಯಾಟಿಕ್ ಬರೆದುಕೊಡುತ್ತಾರೆ, ಹದಿನೈದು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಮನಸ್ಸಿನ ಬಗ್ಗೆ ಕೇಳುವವರು ಕಡಿಮೆ. ಕೇಳಿದರೂ "ಯಾರಾದರೂ ಕೌನ್ಸೆಲರ್ ಹತ್ತಿರ ಒಮ್ಮೆ ಹೋಗಿ ಬಾಮ್ಮ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಯಾವ ಕೌನ್ಸೆಲರ್, ಎಲ್ಲಿ, ಎಷ್ಟು ದುಡ್ಡು, ಗಂಡನಿಗೆ ಹೇಳಲೇಬೇಕಾ, ಅಲ್ಲಿ ಹೋಗಿ ಏನಂತ ಬಾಯಿಬಿಡುವುದು, ಇದನ್ನೆಲ್ಲ ಅವಳೇ ಹುಡುಕಿಕೊಳ್ಳಬೇಕು. ಅದೂ ಮೈಯಲ್ಲಿ ಇನ್ನೂ ರಕ್ತಸ್ರಾವ ನಿಲ್ಲದಿರುವಾಗ.

ಕರ್ನಾಟಕದಲ್ಲಿ ಇರುವ ದಾರಿಗಳು ಕಡಿಮೆಯೇನಲ್ಲ. ಆದರೆ ಎಲ್ಲ ದಾರಿಯೂ ಎಲ್ಲರಿಗೂ ಆಗಿಬರುವುದಿಲ್ಲ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಾಗ ನಾನು ಬಳಸುವ ಅಳತೆ ಒಂದೇ: ಅಲ್ಲಿ ನಿಮ್ಮ ಕಥೆಯನ್ನು ಎಲ್ಲೂ ಕತ್ತರಿಸದೆ ಹೇಳಲು ಆಗುತ್ತದೆಯೇ? ಶುಲ್ಕ, ಹೆಸರು, ದೂರ ಎಲ್ಲ ಅದರ ನಂತರದ್ದು. ಎಷ್ಟೇ ದೊಡ್ಡ ತಜ್ಞರಾದರೂ, ಅವರೆದುರು "ಸ್ಕ್ಯಾನಿಂಗ್‌ನಲ್ಲಿ ತೊಂದರೆ ಕಂಡಿತು" ಎಂಬ ಸಾಲನ್ನೋ "ನಾನೇ ಬೇಡ ಅಂದೆ" ಎಂಬ ಸಾಲನ್ನೋ ನುಂಗಿಕೊಂಡು ಮಾತಾಡಬೇಕಾದರೆ ಆ ಸಮಾಲೋಚನೆಯಿಂದ ಉಪಯೋಗವಿಲ್ಲ.

ನಿಮ್ಮದು ಯಾವ ಸಂಗತಿ

ಹೊರಗಿನವರಿಗೆ ಎಲ್ಲವೂ "ಅಬಾರ್ಷನ್ ಆಯ್ತಂತೆ". ಅನುಭವಿಸಿದವಳಿಗೆ ಇವು ಬೇರೆಬೇರೆ, ಬೇಕಾಗುವ ಸಹಾಯವೂ ಬೇರೆಬೇರೆ.

ಮೊದಲ ಮೂರು ತಿಂಗಳಲ್ಲಿ ತಾನಾಗಿ ಗರ್ಭ ಹೋದವರು ಬಹಳ ಮಂದಿ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ಹೀಗೆ ಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು 12 ವಾರದೊಳಗೆ. ಅಷ್ಟು ಬೇಗ ಹೋದ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇರುವ ದೋಷ. ಸ್ಕೂಟರ್ ಮೇಲೆ ಓಡಾಡಿದ್ದು, ಕೊಡ ಎತ್ತಿದ್ದು, ಒಂದು ಹೋಳು ಪಪ್ಪಾಯಿ ಹಣ್ಣು ತಿಂದಿದ್ದು ಇದಕ್ಕೆ ಕಾರಣವಲ್ಲ. ಆದರೆ ಮನೆಗೆ ಬಂದವರೆಲ್ಲ ಕೇಳುವುದು ಅದನ್ನೇ: "ಏನು ತಿಂದಿದ್ದೆ? ಎಲ್ಲಿಗೆ ಹೋಗಿದ್ದೆ? ಯಾರ ಕಣ್ಣು ಬಿತ್ತೋ!" ಈ ಹೆಣ್ಣುಮಕ್ಕಳನ್ನು ಕೊರೆಯುವುದು ಹೆಚ್ಚಾಗಿ "ಯಾಕೆ" ಎಂಬ ಪ್ರಶ್ನೆ. ಅದಕ್ಕೆ ಉತ್ತರ ಕೊಡಬಲ್ಲವರು ಕೌನ್ಸೆಲರ್ ಅಲ್ಲ, ಹೆರಿಗೆ ಡಾಕ್ಟರು. ಹಾಗಾಗಿ ಇವರಿಗೆ ನನ್ನ ಮೊದಲ ಸಲಹೆ: ತಪಾಸಣೆಗೆ ಕರೆದ ದಿನ "ಇದು ನನ್ನಿಂದ ಆಯಿತಾ ಡಾಕ್ಟ್ರೇ?" ಎಂದು ನೇರವಾಗಿ ಕೇಳಿ. ಅತ್ತೆಯನ್ನೋ ಗಂಡನನ್ನೋ ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದರೆ ಇನ್ನೂ ಒಳ್ಳೆಯದು. ಹತ್ತು ನಿಮಿಷದ ಆ ಮಾತು ಎಷ್ಟೋ ಜನರ ಎದೆ ಹಗುರ ಮಾಡುತ್ತದೆ.

ಐದಾರು ತಿಂಗಳು ದಾಟಿ ಹೋದರೆ, ಅಥವಾ ತುಂಬು ದಿನಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡರೆ, ಆಗ ಆಗುವುದು ಹೆರಿಗೆಯೇ. ಮೂರನೇ ಅಥವಾ ನಾಲ್ಕನೇ ದಿನಕ್ಕೆ ಎದೆಯಲ್ಲಿ ಹಾಲು ಇಳಿಯುತ್ತದೆ. ಅದರ ಬಗ್ಗೆ ಮೊದಲೇ ಎಚ್ಚರಿಸುವವರು ಯಾರೂ ಇರುವುದಿಲ್ಲ. ರಾತ್ರಿ ಕುಪ್ಪಸ ಒದ್ದೆಯಾದಾಗ ಎದ್ದು ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತವರಿದ್ದಾರೆ. ಹಾಲು ಕಟ್ಟಿ ನೋವಾದರೆ ತಣ್ಣನೆ ಬಟ್ಟೆ ಇಡುವುದು, ಪೂರ್ತಿ ಹಿಂಡದೆ ನೋವು ಇಳಿಯುವಷ್ಟು ಮಾತ್ರ ಹಿಂಡುವುದು, ಹಾಲು ನಿಲ್ಲಿಸುವ ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳುವುದು, ಇವನ್ನೆಲ್ಲ ಆಸ್ಪತ್ರೆ ಬಿಡುವ ಮೊದಲೇ ತಿಳಿದಿರಬೇಕು. ಮಕ್ಕಳಿರುವ ತಾಯಂದಿರ ವಾರ್ಡಿನಲ್ಲೇ ನಿಮ್ಮನ್ನು ಮಲಗಿಸಿದ್ದರೆ ಬೇರೆ ಕಡೆ ಹಾಸಿಗೆ ಕೊಡಿ ಎಂದು ಕೇಳಲು ಸಂಕೋಚ ಬೇಡ. ಮಗುವಿನ ಮುಖ ನೋಡಬೇಕೇ, ಎತ್ತಿಕೊಳ್ಳಬೇಕೇ ಎಂಬುದನ್ನು ತಾಯಿಯೇ ಹೇಳಬೇಕು. "ನೋಡಿದರೆ ಮರೆಯೋಕಾಗಲ್ಲ" ಎಂದು ಹಿರಿಯರು ಅವಳ ಪರವಾಗಿ ತೀರ್ಮಾನ ಮಾಡಬಾರದು. ಇಲ್ಲಿ ದುಃಖ ದೊಡ್ಡದು, ಬಾಣಂತಿಯ ಮೈ ಇದೆ, ಕೈಯಲ್ಲಿ ಮಗುವಿಲ್ಲ. ಹೀಗಾದವರು ಹೆಲ್ಪ್‌ಲೈನಿಗೆ ಮಾತ್ರ ನಿಲ್ಲದೆ, ಎದುರು ಕೂತು ಹಲವು ವಾರ ಮಾತಾಡಬಲ್ಲ ಒಬ್ಬರನ್ನು ಹುಡುಕಿಕೊಳ್ಳಲೇಬೇಕು.

ತಾವೇ ನಿರ್ಧರಿಸಿ ಗರ್ಭ ತೆಗೆಸಿದವರ ವಿಷಯದಲ್ಲಿ ಎರಡು ಕಡೆಯಿಂದಲೂ ಅನ್ಯಾಯ ಆಗುತ್ತದೆ. "ನೀನೇ ತೆಗೆಸಿಕೊಂಡೆಯಲ್ಲ, ಇನ್ನೇನು ಅಳು?" ಎಂದು ಒಬ್ಬರು. "ನೀನು ಅಳಲೇಬೇಕು, ಅಳುತ್ತಿಲ್ಲ ಅಂದರೆ ಒಳಗೇ ಅದುಮಿಟ್ಟಿದ್ದೀಯ" ಎಂದು ಇನ್ನೊಬ್ಬರು. ಅಮೆರಿಕದಲ್ಲಿ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಹಿಂಬಾಲಿಸಿದ ಟರ್ನ್‌ಅವೇ ಅಧ್ಯಯನದಲ್ಲಿ, ಗರ್ಭಪಾತ ಮಾಡಿಸಿಕೊಂಡವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ತಮ್ಮ ತೀರ್ಮಾನ ಸರಿಯಾಗಿಯೇ ಇತ್ತು ಅಂದರು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳಿಕೊಂಡದ್ದು ನಿರಾಳ ಭಾವ. ಅಂದಮಾತ್ರಕ್ಕೆ ದುಃಖ ಇಲ್ಲ ಅಂತಲ್ಲ. ತೀರ್ಮಾನ ಸರಿ ಅನ್ನಿಸಿಯೂ ಅಳು ಬರಬಹುದು, ಬರದೆಯೂ ಇರಬಹುದು. ಅಳು ಬರದಿದ್ದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದುಕೊಳ್ಳಬೇಡಿ, ಕೌನ್ಸೆಲಿಂಗಿಗೆ ಹೋಗಲೇಬೇಕೆಂದೂ ಇಲ್ಲ.

ಇನ್ನೊಂದು ಗುಂಪಿನವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಯಸಿ ಬಯಸಿ ಬಸಿರಾಗಿ, ಹದಿನೆಂಟು ಇಪ್ಪತ್ತನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯವೋ ಮೆದುಳೋ ಸರಿಯಾಗಿ ಬೆಳೆದಿಲ್ಲ ಎಂದು ಗೊತ್ತಾಗಿ, ಡಾಕ್ಟರರ ಸಲಹೆಯಂತೆ ಗರ್ಭ ತೆಗೆಸಿದವರು. ಮಗು ಕಳೆದುಕೊಂಡವರ ಗುಂಪಿನಲ್ಲಿ "ನೀವು ತೆಗೆಸಿದ್ದಲ್ವಾ" ಎಂಬ ನೋಟ. ಬೇಡದ ಗರ್ಭ ತೆಗೆಸಿದವರ ನಡುವೆ ಇವರ ಸಂಕಟ ಪೂರ್ತಿ ಬೇರೆ. ಹೆಚ್ಚಿನವರು ನೆಂಟರಿಗೆ "ತಾನಾಗೇ ಹೋಯ್ತು" ಎಂದು ಹೇಳಿರುತ್ತಾರೆ. ಆ ಸುಳ್ಳನ್ನು ವರ್ಷಗಟ್ಟಲೆ ಕಾಪಾಡುವ ಭಾರವೂ ಇವರ ಮೇಲೇ. ಇವರು ಆಯ್ಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಎಚ್ಚರ ವಹಿಸಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲ ಫೋನಿನಲ್ಲೇ "ಭ್ರೂಣದಲ್ಲಿ ದೋಷವಿತ್ತು ಅಂತ ತೆಗೆಸಿದವರನ್ನು ನೀವು ಹಿಂದೆ ನೋಡಿದ್ದೀರಾ?" ಎಂದು ಕೇಳಿ.

ಬಲವಂತಕ್ಕೆ ಗರ್ಭ ತೆಗೆಸಿದವರೂ ಇದ್ದಾರೆ. ಹೆಣ್ಣು ಎಂದು ಗೊತ್ತಾಗಿ ಮನೆಯವರೇ ಕರೆದೊಯ್ದು ತೆಗೆಸಿದ್ದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ಸುದ್ದಿಯೆಲ್ಲ ದಲ್ಲಾಳಿಗಳ, ಡಾಕ್ಟರುಗಳ ಬಗ್ಗೆ ಇತ್ತು. ಆ ಹೆಂಗಸರ ಮನಸ್ಸು ಏನಾಯಿತೆಂದು ಕೇಳಿದವರು ವಿರಳ. ಇಂಥವರು ಪೊಲೀಸರ ಹೆದರಿಕೆಯಿಂದ ಎಲ್ಲೂ ಬಾಯಿಬಿಡುವುದಿಲ್ಲ. ಅವರಿಗೆ ಗೊತ್ತಿರಬೇಕಾದ್ದು: ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ, ಲಿಂಗ ಪತ್ತೆ ಪರೀಕ್ಷೆಗೆ ಒಳಗಾದ ಗರ್ಭಿಣಿಯನ್ನು ಗಂಡ ಅಥವಾ ಮನೆಯವರೇ ಬಲವಂತ ಮಾಡಿದ್ದರು ಎಂದು ನ್ಯಾಯಾಲಯ ಭಾವಿಸಬೇಕು, ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಎದುರು ಕಡೆಯವರದು. ಬಲವಂತ, ಹೊಡೆತ ಇದ್ದ ಮನೆಯಾದರೆ ಕೌನ್ಸೆಲರ್‌ಗಿಂತ ಮೊದಲು ಮಹಿಳಾ ಸಹಾಯವಾಣಿ 181, ಜಿಲ್ಲೆಯ ಸಖಿ ಕೇಂದ್ರ. ಅಲ್ಲಿ ಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ಆಸರೆ ಒಟ್ಟಿಗೆ ಸಿಗುತ್ತವೆ.

ಫೋನಿನಲ್ಲಿ: ಟೆಲಿ ಮಾನಸ್ 14416

2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿ ಭಾಷೆ ಆರಿಸಿಕೊಂಡರೆ ಮೊದಲು ತರಬೇತಿ ಪಡೆದ ಸಮಾಲೋಚಕರು ಸಿಗುತ್ತಾರೆ. ವಿಷಯ ಗಂಭೀರ ಅನ್ನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಲು ದಾರಿ ಹೇಳುತ್ತಾರೆ.

ಇದರ ದೊಡ್ಡ ಬಲ, ಯಾರ ಮುಖವನ್ನೂ ನೋಡದೆ ಮೊದಲ ಬಾರಿ ಆ ಮಾತು ಆಡಿಬಿಡಬಹುದು. "ನಾನು ಗರ್ಭ ತೆಗೆಸಿದೆ" ಎಂದು ತಾಯಿಗೂ ಹೇಳದವಳು ರಾತ್ರಿ ಎರಡು ಗಂಟೆಗೆ ಅಪರಿಚಿತ ದನಿಗೆ ಹೇಳಬಲ್ಲಳು. ಪಿಜಿಯ ಮೆಟ್ಟಿಲ ಮೇಲೆ ಕೂತೋ, ಬಟ್ಟೆ ಒಣಹಾಕುವ ನೆವದಲ್ಲಿ ತಾರಸಿಗೆ ಹೋಗಿಯೋ ಮಾತಾಡಿದರಾಯಿತು. ನಿಮ್ಮ ಫೋನನ್ನು ಮನೆಯವರು ನೋಡುವ ರೂಢಿ ಇದ್ದರೆ ಕರೆಯ ಪಟ್ಟಿಯಿಂದ ಆ ನಂಬರನ್ನು ಅಳಿಸಿಬಿಡಿ.

ಕೊರತೆಯೂ ಇದೆ. ಮುಂದಿನ ಸಲ ಕರೆ ಮಾಡಿದಾಗ ಅದೇ ದನಿ ಸಿಗುತ್ತದೆಂಬ ಖಾತರಿಯಿಲ್ಲ. ಕಥೆಯನ್ನು ಮತ್ತೆ ಮೊದಲಿಂದ ಹೇಳಬೇಕಾಗಬಹುದು. ಗರ್ಭ ಹೋದ ದುಃಖದಲ್ಲಿ ಇದೊಂದು ದೊಡ್ಡ ಆಯಾಸ. ಹಾಗಾಗಿ ಮೊದಲ ಬಾಗಿಲಾಗಿ, ಬೇರೆ ದಾರಿ ಕಾಣದ ರಾತ್ರಿಗೆ ಇದು ತುಂಬ ಒಳ್ಳೆಯದು. ತಿಂಗಳುಗಟ್ಟಲೆ ನಡೆಯಬೇಕಾದ ಮಾತಿಗೆ ಇದೊಂದೇ ಸಾಲದು.

ಸರಕಾರಿ ಆಸ್ಪತ್ರೆಯಲ್ಲಿ

ಜಿಲ್ಲೆಗಳಲ್ಲಿ ಮನಸ್ಸಿನ ಚಿಕಿತ್ಸೆ ಸಿಗಬೇಕೆಂಬ ಯೋಜನೆಯ ಮೊದಲ ಪ್ರಯೋಗ ನಡೆದದ್ದು ನಮ್ಮ ಬಳ್ಳಾರಿಯಲ್ಲೇ, 1980ರ ದಶಕದಲ್ಲಿ, ನಿಮ್ಹಾನ್ಸ್ ನೇತೃತ್ವದಲ್ಲಿ. ಅದೇ ಮಾದರಿ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಕಾರ್ಯಕ್ರಮದ ತಂಡವಿರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಮೊದಲು ವಿಚಾರಿಸಿಕೊಳ್ಳಿ.

ಖರ್ಚಿಲ್ಲ, ಮಾತ್ರೆ ಬೇಕಾದರೆ ಅಲ್ಲೇ ಸಿಗುತ್ತದೆ, ಅಪಾಯವಿದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ. ಆದರೆ ಉದ್ದನೆಯ ಸಾಲು, ಬಾಗಿಲಲ್ಲೇ ಇಣುಕುವ ಜನ, ಐದೇ ನಿಮಿಷದ ಸಮಯ. ಇಂಥ ಕಡೆ ಎದೆ ಬಿಚ್ಚಿ ಮಾತಾಡಲು ಆಗುವುದಿಲ್ಲ. ಇಲ್ಲೊಂದು ಉಪಾಯವಿದೆ. ಮನೋವೈದ್ಯರನ್ನು ಕಂಡ ಮೇಲೆ "ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್ ಹತ್ತಿರ ಒಬ್ಬಳೇ ಮಾತಾಡಬೇಕು" ಎಂದು ಬಾಯಿಬಿಟ್ಟು ಕೇಳಿ. ತಂಡದಲ್ಲಿ ಅವರಿದ್ದರೆ ಬೇರೆ ಹೊತ್ತಿಗೆ ಕರೆಯುತ್ತಾರೆ. ಆ ಕೂತು ಆಡುವ ಮಾತೇ ನಿಮಗೆ ಬೇಕಾದದ್ದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರ ಮನಸ್ಸಿನ ಆರೋಗ್ಯಕ್ಕೆಂದೇ ತಂಡವಿದೆ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಾರ್ಡನ್ನು 2009ರಲ್ಲಿ ಶುರು ಮಾಡಿದವರು ಇವರೇ. ಮಗು ಹೋದ ನಂತರ ತಿಂಗಳುಗಳಾದರೂ ಏಳಲಾಗದವರಿಗೆ, ಮುಂಚೆಯೇ ಮನೋರೋಗಕ್ಕೆ ಚಿಕಿತ್ಸೆ ಪಡೆದಿದ್ದವರಿಗೆ, ಮುಂದಿನ ಬಸಿರಿನಲ್ಲಿ ವಿಪರೀತ ಭಯ ಕಾಡುವವರಿಗೆ ಇದು ಸರಿಯಾದ ಜಾಗ. ಅಷ್ಟು ತೀವ್ರವಲ್ಲದಿದ್ದರೆ ಅದೇ ಸಂಸ್ಥೆ ಬಿಟಿಎಂ ಬಡಾವಣೆಯಲ್ಲಿ ನಡೆಸುವ ಕ್ಷೇಮ ಕೇಂದ್ರಕ್ಕೆ ಹೋಗಬಹುದು. "ಹುಚ್ಚಾಸ್ಪತ್ರೆಗೆ ಹೋಗಿದ್ದಳು" ಎನ್ನುವ ನೆಂಟರ ಬಾಯಿಗೆ ಹೆದರುವವರಿಗೆ ಅಲ್ಲಿನ ವಾತಾವರಣ ಹಗುರ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರಕಾರಿ ಮತ್ತು ಖಾಸಗಿ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗಗಳೂ ಕಡಿಮೆ ಖರ್ಚಿನವು.

ಆಶಾ ಕಾರ್ಯಕರ್ತೆಯ ಬಗ್ಗೆ ಒಂದು ಮಾತು. ಅವಳು ಮನೆ ಬಾಗಿಲಿಗೆ ಬರುವವಳು, ಎಷ್ಟೋ ಕಡೆ ಮೊದಲು ಕೈ ಹಿಡಿದು ಕೂರುವವಳೂ ಅವಳೇ. ಆದರೆ ಅವಳೂ ಅದೇ ಊರಿನವಳು. ನಿಮ್ಮದು ಊರಿಗೆ ಗೊತ್ತಾಗಬಾರದ ಸಂಗತಿಯಾದರೆ ಅವಳಿಂದ ಆಸ್ಪತ್ರೆಯ ಮಾಹಿತಿ ಪಡೆಯಿರಿ, ಕಥೆಯನ್ನು ಬೇರೆ ಕಡೆ ಹೇಳಿ.

ಖಾಸಗಿಯಲ್ಲಿ: ಬೋರ್ಡು ನೋಡಿ ಹೋಗಬೇಡಿ

ಮನೋವೈದ್ಯರು ಎಂಬಿಬಿಎಸ್ ಓದಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿಯನ್ನೋ ಡಿಪ್ಲೊಮಾವನ್ನೋ ಮಾಡಿದವರು. ಮಾತ್ರೆ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಸಾಮಾನ್ಯವಾಗಿ ಎಂಫಿಲ್ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರು. ಮಾತ್ರೆ ಕೊಡುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಕೌನ್ಸೆಲರ್ ಎಂಬ ಹೆಸರಿನಡಿ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಇದ್ದಾರೆ, ಕೆಲವೇ ವಾರದ ಸರ್ಟಿಫಿಕೇಟು ಇಟ್ಟುಕೊಂಡವರೂ ಇದ್ದಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಎಂದು ಕೇಳುವುದು ಅಧಿಕಪ್ರಸಂಗ ಅಲ್ಲ. ಒಳ್ಳೆಯ ಕೌನ್ಸೆಲರ್ ಅದಕ್ಕೆ ಬೇಸರಪಡುವುದಿಲ್ಲ.

ಹಾಗಂತ ಓದು ಹೆಚ್ಚಿದ್ದವರೇ ನಿಮಗೆ ಸರಿ ಅಂತಲೂ ಅಲ್ಲ. ನಿದ್ದೆ, ಊಟ ಇದ್ದು, ಕೆಲಸಕ್ಕೆ ಹೋಗುತ್ತಿದ್ದು, ಒಳಗೆ ಮಾತ್ರ ಭಾರ ಇದ್ದರೆ ತರಬೇತಿಯುಳ್ಳ ಕೌನ್ಸೆಲರ್ ಸಾಕು. ಆ ದಿನದ ದೃಶ್ಯ, ರಕ್ತ, ಲೇಬರ್ ವಾರ್ಡಿನ ವಾಸನೆ ಮತ್ತೆಮತ್ತೆ ಕಣ್ಣಿಗೆ ಕಟ್ಟಿದಂತಾಗಿ ಬೆಚ್ಚಿಬೀಳುತ್ತಿದ್ದರೆ, ಆಸ್ಪತ್ರೆಯ ರಸ್ತೆಯಲ್ಲೇ ಹೋಗಲಾಗದಿದ್ದರೆ, ಅದು ಬರೀ ದುಃಖವಲ್ಲ, ಆಘಾತ. ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಗರ್ಭದ ಮೊದಲ ತಿಂಗಳುಗಳಲ್ಲೇ ನಷ್ಟ ಅನುಭವಿಸಿದವರಲ್ಲಿ ನೂರಕ್ಕೆ 29 ಮಂದಿಗೆ ಒಂದು ತಿಂಗಳ ನಂತರ ಇಂಥ ಆಘಾತದ ಲಕ್ಷಣಗಳಿದ್ದವು. ಒಂಬತ್ತು ತಿಂಗಳ ನಂತರವೂ 18 ಮಂದಿಯಲ್ಲಿ ಉಳಿದಿದ್ದವು. "ಎರಡು ತಿಂಗಳ ಗರ್ಭಕ್ಕೆ ಇಷ್ಟೊಂದಾ?" ಎನ್ನುವವರಿಗೆ ಇದೇ ಉತ್ತರ. ಇದಕ್ಕೆ ಆಘಾತದ ಚಿಕಿತ್ಸೆಯಲ್ಲಿ ಪಳಗಿದ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಮನೋವೈದ್ಯರ ಬಳಿಗೇ ಮೊದಲು ಹೋಗಬೇಕು. ಮಾತ್ರೆ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಹೆದರಿಕೆ ಬೇಡ. ಮತ್ತೆ ಗರ್ಭ ಧರಿಸುವ ಯೋಚನೆ ಇದೆಯೆಂದು ಮೊದಲೇ ಹೇಳಿದರೆ ಅದಕ್ಕೆ ತಕ್ಕ ಔಷಧ ಆರಿಸುತ್ತಾರೆ.

ಖರ್ಚಿನ ವಿಷಯ. ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆಯ ಒಂದು ಭೇಟಿಗೆ ಸಾವಿರ ರೂಪಾಯಿಗೂ ಮೇಲೆ ತೆಗೆದುಕೊಳ್ಳುವವರೇ ಹೆಚ್ಚು. ಐದಾರು ಭೇಟಿಯಾದರೂ ಬೇಕಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಕೈಗೆಟುಕದಿದ್ದರೆ "ಕಡಿಮೆ ಶುಲ್ಕದಲ್ಲಿ ನೋಡುತ್ತೀರಾ?" ಎಂದು ಕೇಳಿ; ವಾರಕ್ಕೆ ಕೆಲವರಿಗೆ ಹಾಗೆ ಮಾಡುವವರಿದ್ದಾರೆ. ಬೆಂಗಳೂರಿನ ಪರಿವರ್ತನ್, ಬಂಜಾರ ಅಕಾಡೆಮಿಯಂಥ ಸಂಸ್ಥೆಗಳು ಬಹಳ ವರ್ಷಗಳಿಂದ ಆಪ್ತ ಸಮಾಲೋಚನೆಯಲ್ಲೇ ಇವೆ.

ಆನ್‌ಲೈನ್ ಭೇಟಿ ಚಿಕ್ಕ ಊರಿನವರಿಗೆ ದೊಡ್ಡ ಅನುಕೂಲ. ಕ್ಲಿನಿಕ್ಕಿನ ಬೆಂಚಿನ ಮೇಲೆ ಪರಿಚಯದವರು ಸಿಗುವ ಭಯವಿಲ್ಲ. ಆದರೆ ಮನೆಯಲ್ಲಿ ಒಂದು ಗಂಟೆ ಬಾಗಿಲು ಹಾಕಿಕೊಳ್ಳಲು ಆಗಬೇಕಲ್ಲ! ಆಗದಿದ್ದರೆ ಆನ್‌ಲೈನ್ ಅನುಕೂಲವೆಲ್ಲ ಕಾಗದದ ಮೇಲಷ್ಟೇ. ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗಿ ಬರುವುದೇ ಮೇಲು. ಭಾಷೆಯನ್ನೂ ಯೋಚಿಸಿ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವರಿಗೂ ಈ ವಿಷಯ ಬಂದಾಗ ಅಮ್ಮನ ಜತೆ ಮಾತಾಡುವ ಕನ್ನಡವೇ ಬೇಕಾಗುತ್ತದೆ. ದುಬೈಯಲ್ಲೋ ಮುಂಬೈಯಲ್ಲೋ ಇರುವವರು ಊರಿನ ಕನ್ನಡದ ಕೌನ್ಸೆಲರನ್ನು ಆನ್‌ಲೈನ್‌ನಲ್ಲಿ ಹಿಡಿಯುವುದು ಈ ಕಾರಣಕ್ಕೇ ಒಳ್ಳೆಯದು. ಇಂಗ್ಲೆಂಡಿನಲ್ಲಿರುವವರಿಗೆ ಭ್ರೂಣದೋಷದ ಕಾರಣಕ್ಕೆ ಗರ್ಭ ತೆಗೆಸಿದವರಿಗೆಂದೇ ಎಆರ್‌ಸಿ ಎಂಬ ಸಂಸ್ಥೆಯಿದೆ, ಮಗು ಕಳೆದುಕೊಂಡವರಿಗೆ ಸ್ಯಾಂಡ್ಸ್ ಇದೆ. ಅಮೆರಿಕದಲ್ಲಿರುವವರು ಪೋಸ್ಟ್‌ಪಾರ್ಟಮ್ ಸಪೋರ್ಟ್ ಇಂಟರ್‌ನ್ಯಾಷನಲ್‌ನ ಉಚಿತ ಆನ್‌ಲೈನ್ ಗುಂಪುಗಳನ್ನು ನೋಡಬಹುದು.

ಇದೇ ನೋವುಂಡವರ ಗುಂಪು

ತುಂಬು ತಿಂಗಳಲ್ಲಿ ಮಗು ಕಳೆದುಕೊಂಡವರಿಗೆ ಗುಂಪಿನಷ್ಟು ಆಸರೆ ಕೌನ್ಸೆಲರ್ ಕೊಠಡಿಯಲ್ಲೂ ಸಿಗದಿರಬಹುದು. ಅಲ್ಲಿ ಮಗುವಿನ ಹೆಸರು ಹೇಳಬಹುದು, ಅದರ ಕೂದಲು ಹೇಗಿತ್ತೆಂದು ಹೇಳಬಹುದು. ಯಾರೂ ಮಾತು ಬದಲಿಸುವುದಿಲ್ಲ. ಆದರೆ ಗರ್ಭ ತೆಗೆಸಿದವರಿಗೆ ವಾಟ್ಸ್‌ಆ್ಯಪ್, ಫೇಸ್‌ಬುಕ್ ಗುಂಪುಗಳನ್ನು ನಾನು ಸೂಚಿಸುವುದಿಲ್ಲ. ಯಾರು ಎಲ್ಲಿಯವರು ಗೊತ್ತಿಲ್ಲದ ಕಡೆ ನಿಮ್ಮ ಹೆಸರು, ಫೋಟೋ ಸಮೇತ ಆ ಮಾತು ಬಿದ್ದರೆ ಹಿಂತೆಗೆಯಲು ಆಗುವುದಿಲ್ಲ. ನಡೆಸುವವರು ತರಬೇತಿಯುಳ್ಳವರೇ, ಗುಂಪಿನ ಮಾತು ಹೊರಗೆ ಹೋಗಬಾರದೆಂಬ ಕಟ್ಟುಪಾಡು ಇದೆಯೇ ಎಂದು ನೋಡಿ. ಬಂಜೆತನದ ಚಿಕಿತ್ಸೆ ಪಡೆಯುವವರೂ ಅದೇ ಗುಂಪಿನಲ್ಲಿದ್ದರೆ ದಿನಕ್ಕೊಬ್ಬರ "ಪಾಸಿಟಿವ್ ಬಂತು" ಸುದ್ದಿ ನಿಮ್ಮನ್ನು ಹಿಂಡಬಹುದು.

ಗುಡಿ, ಚರ್ಚು, ದರ್ಗಾ

ಕೌನ್ಸೆಲಿಂಗ್ ಎಂದರೆ ಅನುಮಾನಿಸುವ ಮನೆಯವರೂ ದೇವರ ಹತ್ತಿರ ಹೋಗೋಣ ಅಂದರೆ ಹೊರಡುತ್ತಾರೆ. ಎರಡು ಮೂರು ಸಲ ಗರ್ಭ ನಿಲ್ಲದಿದ್ದರೆ "ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ" ಎಂಬ ಮಾತು ಬಂದೇ ಬರುತ್ತದೆ. ಹೋಗಿ ಬಂದು ಮನಸ್ಸು ತಿಳಿಯಾದವರಿದ್ದಾರೆ, ಅದನ್ನು ಅಲ್ಲಗಳೆಯಲಾರೆ. ಸೂತಕವೂ ಇಲ್ಲದ, ಕರ್ಮವೂ ಇಲ್ಲದ ಸಾವಿಗೆ ಒಂದು ವಿಧಿ ಸಿಕ್ಕಂತಾಗುತ್ತದೆ. ನಾಲ್ಕು ತಿಂಗಳು ತುಂಬಿದ ಮೇಲೆ ಹೋದ ಮಗುವಿಗೆ ಹೆಸರಿಟ್ಟು ದಫನ್ ಮಾಡುವ ಪದ್ಧತಿ ಮುಸ್ಲಿಮರಲ್ಲಿದೆ. ಆ ಹೆಸರೇ ಎಷ್ಟೋ ತಾಯಂದಿರಿಗೆ ಆಧಾರ. ಮಂಗಳೂರು ಕಡೆಯ ಕ್ಯಾಥೊಲಿಕ್ ಹೆಣ್ಣುಮಕ್ಕಳು ಪಾಪನಿವೇದನೆಗೆ ಹೆದರುವುದುಂಟು. ಗರ್ಭಪಾತದ ಪಾಪಕ್ಕೆ ಎಲ್ಲ ಪಾದ್ರಿಗಳೂ ಕ್ಷಮೆ ನೀಡಬಹುದೆಂದು ಆಗಿನ ಪೋಪ್ ಫ್ರಾನ್ಸಿಸ್ 2016ರಲ್ಲೇ ಶಾಶ್ವತ ಅನುಮತಿ ಕೊಟ್ಟರು.

ಆದರೆ ಪೂಜೆ ಬೇರೆ, ಸಮಾಲೋಚನೆ ಬೇರೆ. ಧರ್ಮದ ಹೆಸರಿನಲ್ಲಿ ನಡೆಯುವ "ಗರ್ಭಪಾತದ ನಂತರದ ಸಾಂತ್ವನ"ದ ಕಾರ್ಯಕ್ರಮಗಳಲ್ಲಿ ಕೆಲವು ಶುರುವಾಗುವುದೇ "ನೀನು ಕೊಂದಿದ್ದೀಯ, ಈಗ ಕ್ಷಮೆ ಕೇಳು" ಎಂಬಲ್ಲಿಂದ. ಅಲ್ಲಿ ಒಪ್ಪಿಕೊಳ್ಳಲು ಜಾಗವಿದೆ, ಹೇಳಿಕೊಳ್ಳಲು ಜಾಗವಿಲ್ಲ. ದುಡ್ಡಿಲ್ಲದೆ ಸಿಗುತ್ತದೆಂದು ಅಲ್ಲಿಗೆ ಹೋಗುವ ಮುನ್ನ "ನನ್ನ ತೀರ್ಮಾನ ಸರಿ ಅಂತಲೇ ಈಗಲೂ ನನಗೆ ಅನ್ನಿಸುತ್ತದೆ, ಆದರೂ ದುಃಖವಿದೆ. ನೀವು ಕೇಳಿಸಿಕೊಳ್ಳುತ್ತೀರಾ?" ಎಂದು ಕೇಳಿ ನೋಡಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ನಿಮ್ಮ ಜಾತಕದಲ್ಲೋ ಕಾಲ್ಗುಣದಲ್ಲೋ ದೋಷ ಹುಡುಕುವ ಜಾಗಕ್ಕೆ ಮಾತ್ರ, ಯಾರು ಒತ್ತಾಯಿಸಿದರೂ, ಹೋಗಬೇಡಿ.

ಯಾರ ಹತ್ತಿರವೂ ಹೋಗದಿರುವುದೂ ಒಂದು ಆಯ್ಕೆ

ಗರ್ಭ ಹೋದವರೆಲ್ಲರಿಗೂ ಕೌನ್ಸೆಲಿಂಗ್ ಕೊಟ್ಟರೆ ಎಲ್ಲರೂ ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಂಶೋಧನೆಗಳಲ್ಲಿ ಸಿಕ್ಕಿಲ್ಲ. ತುಂಬ ಜನ ಮನೆಯವರ ನಡುವೆಯೇ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅದಕ್ಕೆ ಮನೆಯೂ ಹಾಗಿರಬೇಕು: ಕನಿಷ್ಠ ಹದಿನೈದು ದಿನ ಒಲೆಯ ಮುಂದಿನಿಂದ ಬಿಡುಗಡೆ, ಹೊತ್ತಿಗೆ ಬಿಸಿ ಊಟ, "ಅತ್ತುಬಿಡು" ಎನ್ನುವ ಒಬ್ಬರು. ಅದು ಅಕ್ಕನೋ ಗೆಳತಿಯೋ ಆಗಿರಬಹುದು, ಅಮ್ಮನೇ ಆಗಬೇಕಿಲ್ಲ. ಗಂಡಂದಿರು ಹೆಚ್ಚಾಗಿ ಸುಮ್ಮನಿದ್ದುಬಿಡುತ್ತಾರೆ, ಅವರಿಗೂ ಅದು ಕಳೆದುಹೋದ ಮಗುವೇ. ಇಬ್ಬರೂ ಜತೆಗೆ ಕೌನ್ಸೆಲಿಂಗಿಗೆ ಹೋಗುವುದು ಒಳ್ಳೆಯದೇ, ಆದರೆ ಮೊದಲ ಭೇಟಿ ಮಾತ್ರ ಹೆಂಗಸು ಒಬ್ಬಳೇ ಹೋಗಲಿ. ಗಂಡನ ಎದುರು ಹೇಳಲಾಗದ್ದು ಏನಾದರೂ ಇದ್ದರೆ ಅದಕ್ಕೊಂದು ಅವಕಾಶ ಬೇಕು.

ಕಾಯಬಾರದ ಸಂದರ್ಭಗಳಿವೆ. ಸಾಯುವ ಯೋಚನೆ, ಅದಕ್ಕೆ ದಾರಿ ಹುಡುಕುವುದು, ಇಲ್ಲದ ಮಗುವಿನ ಅಳು ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದೆ ಅಸಂಬದ್ಧ ಮಾತು: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆ, ಜತೆಗೆ ಯಾರಾದರೂ ಇರಬೇಕು. ಗಂಟೆಗೆ ಎರಡು ಪ್ಯಾಡ್ ತುಂಬುವಷ್ಟು ರಕ್ತಸ್ರಾವ, ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ದರೂ ಅಷ್ಟೇ. ಮಾತ್ರೆ ತಿಂದು ಗುಟ್ಟಾಗಿ ಗರ್ಭ ತೆಗೆಸಿಕೊಂಡವರು ಇದನ್ನು ಮುಚ್ಚಿಟ್ಟುಕೊಂಡು ಜೀವಕ್ಕೇ ಕುತ್ತು ತಂದುಕೊಳ್ಳುತ್ತಾರೆ.

ಗುಟ್ಟು ಮತ್ತು ರಜೆ

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಗರ್ಭ ತೆಗೆಸಿದವಳ ಹೆಸರು, ವಿವರವನ್ನು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ಹೇಳಿದರೆ ಡಾಕ್ಟರಿಗೇ ಶಿಕ್ಷೆಯಿದೆ. 18 ತುಂಬಿದವಳಿಗೆ ಗರ್ಭಪಾತಕ್ಕೆ ತನ್ನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಗರ್ಭ ತೆಗೆಸಲು ಬಿಡುವ ನಿಯಮ ಮದುವೆಯಾಗದವರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಹಾಗಾಗಿ "ಮದುವೆಯಾಗಿಲ್ಲ, ಕೌನ್ಸೆಲರ್ ಪೊಲೀಸರಿಗೆ ಹೇಳಿಬಿಟ್ಟರೆ?" ಎಂಬ ಭಯ ಬೇಡ. ಮನಸ್ಸಿನ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಹದಿನೆಂಟರ ಒಳಗಿನ ಹುಡುಗಿಯ ವಿಷಯ ಮಾತ್ರ ಬೇರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಸುದ್ದಿ ತಿಳಿದವರು ವರದಿ ಮಾಡಲೇಬೇಕು. ಇದನ್ನು ಮೊದಲೇ ತಿಳಿಸುವವರು ಪ್ರಾಮಾಣಿಕ ಕೌನ್ಸೆಲರ್.

ಕೆಲಸಕ್ಕೆ ಹೋಗುವವರು ಹೆರಿಗೆ ಸೌಲಭ್ಯದ ಕಾನೂನನ್ನು ಮರೆಯಬೇಡಿ. ಆ ಕಾನೂನಿನಡಿ ಬರುವ ಸಂಸ್ಥೆಗಳಲ್ಲಿ ಗರ್ಭ ತಾನಾಗಿ ಹೋದರೂ ಕಾನೂನುಬದ್ಧವಾಗಿ ತೆಗೆಸಿದರೂ ಮರುದಿನದಿಂದ 6 ವಾರ ಸಂಬಳದ ರಜೆ ನಿಮ್ಮ ಹಕ್ಕು. ಅದರಿಂದ ಕಾಯಿಲೆ ಬಿದ್ದರೆ ಇನ್ನೂ ಒಂದು ತಿಂಗಳವರೆಗೆ ಸಿಗುತ್ತದೆ. ಪುರಾವೆಗೆ ಡಾಕ್ಟರ ಪತ್ರ ಬೇಕು. ಕೌನ್ಸೆಲಿಂಗಿಗೆ ಪುರುಸೊತ್ತಿಲ್ಲ ಎನ್ನುವವರಿಗೆ ಈ ಆರು ವಾರಗಳೇ ಪುರುಸೊತ್ತು.

ಆರಿಸಿದ್ದು ಸರಿಯೇ ಎಂದು ತಿಳಿಯುವುದು ಹೇಗೆ

ಮೊದಲ ಭೇಟಿಯ ನಂತರ ಹಗುರವಾಗುವ ಬದಲು ಇನ್ನಷ್ಟು ಕಲಕಿದಂತಾಗಬಹುದು, ಅದು ಕೆಟ್ಟ ಲಕ್ಷಣವಲ್ಲ. ಮೂರನೇ ಭೇಟಿಯ ಹೊತ್ತಿಗೆ ನೋಡಿ. ಅವರು ನಿಮ್ಮ ಗರ್ಭದ ತಿಂಗಳನ್ನು, ಹೆರಿಗೆಗೆ ಕೊಟ್ಟಿದ್ದ ದಿನಾಂಕವನ್ನು ನೆನಪಿಟ್ಟುಕೊಂಡಿದ್ದಾರೆಯೇ? ನೀವು ಅತ್ತಾಗ ಸುಮ್ಮನೆ ಕೂರಬಲ್ಲರೇ? ಹೇಳದೆ ಬಿಟ್ಟಿದ್ದ ಸಾಲು ಬಾಯಿಗೆ ಬಂತೇ? "ಇನ್ನೊಂದು ಮಗು ಮಾಡ್ಕೊಳ್ಳಿ, ಸರಿಹೋಗುತ್ತೆ" ಎಂದು ಫೀಸು ತೆಗೆದುಕೊಂಡು ಹೇಳುವವರನ್ನು ಮರುಮಾತಿಲ್ಲದೆ ಬಿಟ್ಟುಬಿಡಿ. ಅದನ್ನು ಪಕ್ಕದ ಮನೆಯವರೇ ಬಿಟ್ಟಿಯಾಗಿ ಹೇಳುತ್ತಾರೆ. ಕೌನ್ಸೆಲರ್ ಬದಲಿಸಿದರೆ ಮೊದಲಿನವರಿಗೆ ಅವಮಾನವಾಗುತ್ತದೆ ಎಂಬ ದಾಕ್ಷಿಣ್ಯ ಬೇಡ.

ಮುಂದಿನ ಬಸಿರಿನಲ್ಲಿ ಮತ್ತೆ ಒಂದೆರಡು ಭೇಟಿ ಇಟ್ಟುಕೊಳ್ಳಿ, ಹಳೆಯ ಭಯ ಆಗ ಎದ್ದೇ ಏಳುತ್ತದೆ. ತಾಯಿ ಕಾರ್ಡಿನಲ್ಲಿ, ಆಸ್ಪತ್ರೆಯ ಫೈಲಿನಲ್ಲಿ ಹಿಂದಿನ ಬಸಿರುಗಳ ಲೆಕ್ಕ ಬರೆಯುವಾಗ "ಜಿ2 ಎ1" ಎಂದು ಗುರುತು ಹಾಕುತ್ತಾರೆ, ಅಂದರೆ ಇದು ಎರಡನೇ ಬಸಿರು, ಹಿಂದೆ ಒಂದು ಗರ್ಭ ಹೋಗಿದೆ ಎಂದರ್ಥ. ತಾನಾಗಿ ಹೋದದ್ದಾದರೂ ತೆಗೆಸಿದ್ದಾದರೂ ಅಲ್ಲಿ ಬರುವುದು ಅದೇ "ಎ". ಅದನ್ನು ನೋಡಿ ನರ್ಸು, ಡಾಕ್ಟರು ಪ್ರತಿ ಸಲವೂ ಎಲ್ಲರೆದುರು "ಹಿಂದಿನದು ಏನಾಗಿತ್ತು?" ಎಂದು ಕೇಳಬಹುದು. ಹಿಂದಿನ ಗರ್ಭದ ವಿವರವನ್ನು ಡಾಕ್ಟರಿಂದ ಮುಚ್ಚಿಡಬೇಡಿ, ಈ ಬಸಿರಿನ ಆರೈಕೆಗೆ ಅದು ಬೇಕು. ಮನೆಯವರಿಗೆ ಬೇರೆ ಹೇಳಿದ್ದರೆ ಮೊದಲ ತಪಾಸಣೆಯ ದಿನವೇ "ಅವರು ಹೊರಗಿರಲಿ, ನಾನೊಬ್ಬಳೇ ಮಾತಾಡಬೇಕು" ಎಂದು ಹೇಳಿ, ನಡೆದದ್ದನ್ನು ತಿಳಿಸಿ, ಇದನ್ನು ಇನ್ನು ಮುಂದೆ ಎಲ್ಲರೆದುರು ಕೇಳಬೇಡಿ ಎಂದು ಕೇಳಿಕೊಳ್ಳಿ.